ಮುಂಜಾನೆ ಬೋಲ್ಟು, ಹಗಲಿಗೆ ಸೀರೆ

ಬೇಮಳಖೇಡದಲ್ಲಿ ರಾತ್ರಿ ತಂಗುವ ವಸ್ತಿ ಬಸ್ಸು ನಸುಕಿನಲ್ಲಿ ಚಿಟಗುಪ್ಪದ ಮೇಲಿಂದ ಹುಮನಾಬಾದಿಗೆ ಹೊರಡುತ್ತದೆ. ಹಾಲಿನ ಕ್ಯಾನಿನವರು, ಕಾಯಿಪಲ್ಲೆ ಬುಟ್ಟಿಯವರು, ಕೋರ್ಟಿನ ತಾರೀಖು ಇದ್ದವರು ಬಿಟ್ಟರೆ ಅದಕ್ಕೆ ಹತ್ತುವವರು ಕಡಿಮೆ. ಜೋಳದ ರಾಶಿ ಮುಗಿದ ಮೇಲೆ ರತ್ನಮಾಲಾ ದಿನಾ ಅದಕ್ಕೆ ಹತ್ತತೊಡಗಿದಾಗ ಕಂಡಕ್ಟರನಿಗೇ ತಡೆಯಲಾಗಲಿಲ್ಲ.

"ಯಾಕ್ರಿ ಬಾಯಿ, ನಿಮ್ಮ ಸಾವ್ಕಾರ್ರು ಈಗ ನಸುಕಿನ್ಯಾಗ ಅಂಗಡಿ ತೆಗಿಯಾಕತ್ತಾರೇನು?"

"ಅಂಗಡಿ ಅದರ ಟೈಮಿಗೇ ತೆಗಿತಾರ್ರಿ. ಅದರಕಿಂತ ಮೊದಲ ನಂದು ಇನ್ನೊಂದು ಕೆಲಸ ಅದ" ಎಂದು ಹೇಳಿ ಅವಳು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಹುಮನಾಬಾದ್ ಬರುವವರೆಗಿನ ಆ ನಿದ್ದೆ ಅವಳ ಲೆಕ್ಕದಲ್ಲಿ ರಾತ್ರಿಯ ನಿದ್ದೆಯ ಬಾಕಿ ಭಾಗ.

ಅಂಗಡಿಯೆಂದರೆ ಹುಮನಾಬಾದಿನ ಪೇಟೆಯಲ್ಲಿರುವ ಮಹಾರುದ್ರಪ್ಪನವರ ಬಟ್ಟೆ ಅಂಗಡಿ. ಅಲ್ಲಿ ರತ್ನಮಾಲಾ ಸೀರೆಯ ಗಾದಿಯ ಮೇಲೆ ಕೂತು ಎಂಟು ವರ್ಷವಾಗಿತ್ತು. ಗಿರಾಕಿ ಹೆಂಗಸು ಬಂದು ಕೂತ ರೀತಿಯಲ್ಲೇ ಅವಳಿಗೆ ಇವರು ಕೊಳ್ಳುವವರೋ, ನೋಡಿ ಹೋಗುವವರೋ ತಿಳಿಯುತ್ತಿತ್ತು. ನೋಡಿ ಹೋಗುವವರಿಗೂ ಅವಳು ಅಷ್ಟೇ ಪ್ರೀತಿಯಿಂದ ಸೀರೆ ಬಿಚ್ಚಿ ತೋರಿಸುತ್ತಿದ್ದಳು. ಮುಂಜಾನೆ ಹತ್ತಕ್ಕೆ ಶುರುವಾದ ಕೆಲಸ ದೀಪ ಹಚ್ಚಿದ ಮೇಲೂ ಇರುತ್ತಿತ್ತು. ಗಂಡ ನರಸಿಂಗ ಊರಲ್ಲೇ ಹೊಲದ ಕೆಲಸಕ್ಕೆ ಹೋಗುತ್ತ, ಎರಡು ಎಮ್ಮೆ ನೋಡಿಕೊಂಡಿದ್ದ. ಮನೆಗಿದ್ದ ಒಂದೇ ಖೋಲಿಗೆ ಇನ್ನೊಂದು ಖೋಲಿ ಸೇರಿಸಬೇಕೆಂಬುದು ಇಬ್ಬರ ಆಸೆ. ಅಂಗಡಿಯ ಪಗಾರದಲ್ಲಿ ಅದು ಪಾಯದ ಮೇಲೆ ಏಳುತ್ತಿರಲಿಲ್ಲ.

ಹೊಸ ಕೆಲಸದ ಸುದ್ದಿ ತಂದವಳು ಸೈಮಾ. ಅಂಗಡಿಯ ಸೀರೆಗಳನ್ನು ಮನೆಗೆ ಒಯ್ದು ಫಾಲ್ ಹಚ್ಚಿ ಕೊಡುತ್ತಿದ್ದ ಹೆಂಗಸು ಅವಳು. "ಬಸವಕಲ್ಯಾಣದ ರಸ್ತಾದಾಗ ಒಂದು ದೊಡ್ಡ ಗೋದಾಮ್ ಆಗ್ಯದ ಅಕ್ಕಾ. ಗಾಳಿಯಿಂದ ಕರೆಂಟ್ ತೆಗಿಯೋ ಪಂಖಾದ ಸಾಮಾನು ಇಟ್ಟಾರ. ಮುಂಜಾನಿ ಮೂರು ತಾಸಿನ ಕೆಲಸ, ಬೋಲ್ಟ್ ಒರಸೋದು, ಡಬ್ಬಿಗೆ ತುಂಬೋದು. ಹೆಣ್ಣಮಕ್ಕಳೇ ಬೇಕಂತಾರ, ನಾನೂ ಹೋಗಾಕತ್ತೇನಿ. ನೀ ಬರ್ತಿ?"

ಬೋಲ್ಟ್ ಅಂದರೆ ಬಾಗಿಲಿಗೆ ಹಚ್ಚುವಂಥದ್ದು ಎಂದುಕೊಂಡು ರತ್ನಮಾಲಾ ಹೂಂ ಅಂದಳು.

ಮೊದಲ ದಿನ ಗೋದಾಮಿನ ಗೇಟು ದಾಟಿದವಳು ಹೆಜ್ಜೆ ಮರೆತು ನಿಂತುಬಿಟ್ಟಳು. ಬಯಲಿನಲ್ಲಿ ಮೂರು ಬಿಳಿಯ ಆಕಾರಗಳು ಮಲಗಿದ್ದವು. ಒಂದೊಂದಕ್ಕೂ ಈ ತುದಿಯಲ್ಲಿ ಎತ್ತಿನ ಗಾಡಿ ಒಳಗೆ ಹೋಗುವಷ್ಟು ದುಂಡನೆಯ ಬಾಯಿ. ಅಲ್ಲಿಂದ ಸಣ್ಣಗಾಗುತ್ತ, ಬಳುಕುತ್ತ, ಕಾಂಪೌಂಡಿನ ಆ ಕೊನೆಯಲ್ಲಿ ಕತ್ತಿಯ ಮೊನೆಯಂತೆ ಮುಗಿದಿತ್ತು. ಬೆಳಗಿನ ಇಬ್ಬನಿ ಅದರ ಮೈಮೇಲಿಂದ ಜಾರಿ ಹನಿಹನಿಯಾಗಿ ನೆಲಕ್ಕೆ ಬೀಳುತ್ತಿತ್ತು. ಒಂದು ದೊಡ್ಡ ಜೀವ ಮಲಗಿ ಬೆವರುತ್ತಿದೆಯೋ ಎನ್ನುವ ಹಾಗೆ.

"ಇದೇನ್ ಸೈಮಾ?"

"ಇದೇ ಪಂಖಾದ ರೆಕ್ಕಿ. ಇಂಥಾವು ಮೂರು ಕೂಡಿ ಒಂದು ಪಂಖಾ."

ರತ್ನಮಾಲಾ ಅಂಗೈಯನ್ನು ಅದರ ಮೈಗೆ ತಾಗಿಸಿದಳು. ತಣ್ಣಗಿತ್ತು, ರೇಶಿಮೆಗಿಂತ ನುಣುಪಾಗಿತ್ತು. ಎಲ್ಲೂ ಒಂದು ಜೋಡಣೆ ಕೈಗೆ ಸಿಗಲಿಲ್ಲ. ಎಂಟು ವರ್ಷ ಬಟ್ಟೆ ಮುಟ್ಟಿದ ಕೈ ಹೊಲಿಗೆ ಹುಡುಕುತ್ತ ಬಹಳ ದೂರ ಹೋಯಿತು. ಅಷ್ಟರಲ್ಲಿ ಗೋದಾಮಿನ ಮುಖ್ಯಸ್ಥ ಧನರಾಜ ಒಳಗಿನಿಂದ ಕೂಗಿದ, "ನೋಡೋದು ದಿನಾ ಇದ್ದೇ ಇರ್ತದ, ಕೆಲಸಕ್ಕ ಬರ್ರಿ."

ಒಳಗೆ ಬೋಲ್ಟುಗಳನ್ನು ಕಂಡಾಗ ಇನ್ನೊಂದು ಬೆರಗು. ಒಂದೊಂದೂ ಮೊಳಕೈಯಷ್ಟು ಉದ್ದ, ಎತ್ತಲು ಎರಡು ಕೈ ಬೇಕು. ಹಳೆಯ ಎಣ್ಣೆ ಒರೆಸಿ, ಸುತ್ತಿನ ಗೆರೆಗಳಲ್ಲಿ ಧೂಳು ಇಲ್ಲದಂತೆ ಬ್ರಶ್ ಆಡಿಸಿ, ಕರಿ ಗ್ರೀಸು ಹಚ್ಚಿ, ನಟ್ಟು ಕೈಯಿಂದಲೇ ತಿರುಗಿಸಿ ನೋಡಬೇಕು. ತಡವರಿಸದೆ ತಿರುಗಿದರೆ ಪೆಟ್ಟಿಗೆಗೆ, ಇಲ್ಲದಿದ್ದರೆ ಮತ್ತೆ ಒರೆಸುವುದಕ್ಕೆ. ಕೆಲಸ ತಿಳಿಸಿಕೊಟ್ಟ ಧನರಾಜ ಒಂದು ಮಾತು ಹೇಳಿದ: "ಆ ಹೊರಗಿನ ಪಂಖಾ ಮುಗಿಲಿನ್ಯಾಗ ಇಪ್ಪತ್ತು ವರ್ಷ ತಿರುಗಬೇಕು. ಅದನ್ನ ಹಿಡಿಯೋವು ಇವೇ."

ಅಂದಿನಿಂದ ಅವಳು ಬೋಲ್ಟು ಒರೆಸುವಾಗ ಹರಟೆ ಹೊಡೆಯಲಿಲ್ಲ.

ಕೆಲಸ ಮುಗಿದ ಕೂಡಲೆ ಕೈ ತೊಳೆದು, ಚೀಲದಲ್ಲಿದ್ದ ಬೇರೆ ಸೀರೆ ಉಟ್ಟು, ಸಿಕ್ಕ ಟಂಟಂ ಆಟೊ ಹಿಡಿದು ಅಂಗಡಿ ಸೇರುತ್ತಿದ್ದಳು. ಮಹಾರುದ್ರಪ್ಪನವರಿಗೆ ಹೇಳಿರಲಿಲ್ಲ. ಹೊತ್ತಿಗೆ ಸರಿಯಾಗಿ ಹೋದರೆ ಸಾಕಲ್ಲ ಎಂಬುದು ಅವಳ ಧೈರ್ಯ. ಹದಿನೈದು ದಿನ ಹಾಗೇ ನಡೆಯಿತು.

ಒಂದು ಮಧ್ಯಾಹ್ನ ಚಿಟಗುಪ್ಪದ ಕಡೆಯವರು ಮದುವೆ ಬಟ್ಟೆಗೆ ಬಂದರು. ರತ್ನಮಾಲಾ ಹಾಲುಬಣ್ಣದ ರೇಶಿಮೆ ಸೀರೆಯೊಂದನ್ನು ಬಿಚ್ಚಿ, ಸೆರಗನ್ನು ಮುಂಗೈ ಮೇಲೆ ಹರವಿ ತೋರಿಸಿದಳು. ಮದುಮಗಳ ತಾಯಿ ಬಗ್ಗಿ ನೋಡಿ, "ಇಲ್ಲಿ ಏನೋ ಹತ್ಯದಲ್ರಿ" ಅಂದರು. ಸೆರಗಿನ ನಡುವೆ ಹೆಬ್ಬೆರಳಿನ ಗುರುತು ಕರ್ರಗೆ ಮೂಡಿತ್ತು. ಉಗುರಿನ ಸಂದಿಯಲ್ಲಿ ಉಳಿದಿದ್ದ ಗ್ರೀಸು. ಗಿರಾಕಿಗಳು ಎದ್ದು ಎದುರಿನ ಅಂಗಡಿಗೆ ಹೋದರು.

ಮಹಾರುದ್ರಪ್ಪನವರು ಹಣೆತುಂಬ ವಿಭೂತಿ ಹಚ್ಚುವ, ದನಿ ಏರಿಸದ ಮನುಷ್ಯ. ಅವತ್ತೂ ಏರಿಸಲಿಲ್ಲ. "ಏನಿದು ಯವ್ವಾ?" ಎಂದು ಕೇಳಿದರು. ಅವಳು ಎಲ್ಲವನ್ನೂ ಹೇಳಿದಳು.

"ಎರಡು ಕೆಲಸ ಮಾಡೋದು ತಪ್ಪಲ್ಲ. ಮುಚ್ಚಿಟ್ಟಿದ್ದು ತಪ್ಪು. ಕಬ್ಬಿಣ ಹಿಡಿದ ಕೈ ರೇಶಿಮಿ ಹ್ಯಾಂಗ ಹಿಡಿತದ? ಒಂದು ಬಿಡಬೇಕಾಗ್ತದ, ವಿಚಾರ ಮಾಡು."

ಅವತ್ತು ಸಂಜೆ ಫಾಲ್ ಹಚ್ಚಿದ ಸೀರೆ ತಂದ ಸೈಮಾ ಸಂಗತಿ ಕೇಳಿ ನಕ್ಕಳು. "ಸಾಬೂನು ಹಚ್ಚಿದ್ರ ಗ್ರೀಸ್ ಹೋಗ್ತದೇನು? ನನ್ನ ಗಂಡ ಲಾರಿ ಮಿಸ್ತ್ರಿ. ಮೊದಲ ಶೇಂಗಾ ಎಣ್ಣಿ ತಿಕ್ಕು, ಆಮ್ಯಾಲ ಕಡ್ಲಿಹಿಟ್ಟು, ಆಮ್ಯಾಲ ಸಾಬೂನು. ಉಗುರು ಪೂರಾ ಕತ್ತರಿಸು." ಅಷ್ಟಕ್ಕೇ ಬಿಡದೆ ಅವಳು ಗಾದಿಯ ಹತ್ತಿರ ಹೋಗಿ ತನ್ನ ಎರಡೂ ಕೈ ಚಾಚಿದಳು. "ಸಾವ್ಕಾರ್ರಿ, ನಾನೂ ದಿನಾ ಅಲ್ಲೇ ಬೋಲ್ಟ್ ಒರಸಿ ನಿಮ್ಮ ಸೀರಿಗೆ ಸೂಜಿ ಹಾಕತೀನಿ. ಒಂದು ಕಲೆ ತೋರಸ್ರಿ ನೋಡೋಣ."

ಮಹಾರುದ್ರಪ್ಪನವರು ಚಸ್ಮಾ ಏರಿಸಿ ನೋಡಿದರು. ಕಲೆ ಸಿಗಲಿಲ್ಲ. ಮರುದಿನದಿಂದ ರತ್ನಮಾಲಾ ಅಂಗಡಿಯ ಹೊಸ್ತಿಲಲ್ಲಿ ಶಾಲೆಯ ಮಕ್ಕಳ ಹಾಗೆ ಎರಡೂ ಕೈ ತೋರಿಸಿಯೇ ಗಾದಿ ಏರಬೇಕೆಂದು ಕರಾರಾಯಿತು. ಮೊದಮೊದಲು ಅದು ತಪಾಸಣೆಯಾಗಿತ್ತು. ಬರಬರುತ್ತ ಅದರ ಜೊತೆ ಒಂದು ಪ್ರಶ್ನೆಯೂ ಸೇರಿತು.

"ಅಷ್ಟು ಏನದ ಯವ್ವಾ ಅಲ್ಲಿ? ಹೆಂಥಾ ಪಂಖಾ?"

"ನಮ್ಮ ಸೀರಿ ಒಂದು ಡಜನ್ ಬಿಚ್ಚಿ, ಸೆರಗಿಗೆ ಸೆರಗು ಗಂಟು ಹಾಕಿ ಹಾಸಿದ್ರೂ ಅದರ ತುದಿ ಮುಟ್ಟಂಗಿಲ್ರಿ."

"ಏ, ಸುಮ್ಮನಿರು. ಅಂಥಾದ್ದು ರಸ್ತಾದಾಗ ಹ್ಯಾಂಗ ತರ್ತಾರ?"

ಅದು ಅವಳಿಗೂ ತಿಳಿಯದ ಸಂಗತಿ. ಊರಲ್ಲಿ ನರಸಿಂಗನೂ ನಂಬಿರಲಿಲ್ಲ. "ನಿದ್ದಿಗೆಟ್ಟು ಹೋಗಿ ಕಬ್ಬಿಣ ಒರಸಾಕತ್ತಿ, ಕನಸು ಎಚ್ಚರದಾಗೇ ಬೀಳಾಕತ್ತಾವ" ಎಂದು ಎಮ್ಮೆಗೆ ಮೇವು ಹಾಕುತ್ತ ನಗಾಡಿದ್ದ.

ಮೊದಲ ರೆಕ್ಕೆ ಗೋದಾಮು ಬಿಡುವ ದಿನ ಬಂತು. ಬೆಳಕು ಹರಿಯುವ ಹೊತ್ತಿಗೆ ಗೇಟಿನ ಕಂಬಗಳನ್ನೇ ಕಿತ್ತು ದಾರಿ ಮಾಡಿದ್ದರು. ಲಾರಿಯ ತಲೆ ಗೇಟು ದಾಟಿ ರಸ್ತೆಗೆ ಹೊರಳುತ್ತಿದ್ದರೂ ರೆಕ್ಕೆಯ ಬಾಲ ಇನ್ನೂ ಬಯಲಿನ ಒಳಗೇ ಇತ್ತು. ಹಿಂದಿನ ಗಾಲಿಗಳ ಪಕ್ಕದಲ್ಲಿ ಒಬ್ಬ ತೆಳ್ಳನೆಯ ಮನುಷ್ಯ ಕೊರಳಿಗೆ ಸಣ್ಣ ಪೆಟ್ಟಿಗೆ ತೂಗುಹಾಕಿಕೊಂಡು ನಡೆಯುತ್ತಿದ್ದ. ಅವನು ಬೆರಳು ಅಲುಗಿಸಿದರೆ ಆ ಗಾಲಿಗಳು ತಾವೇ ಅಡ್ಡ ತಿರುಗುತ್ತಿದ್ದವು. ರೆಕ್ಕೆಯ ಮೊನೆ ಎದುರಿನ ಬೇವಿನ ಮರದ ಎಲೆ ಸವರಿ, ಕರೆಂಟಿನ ತಂತಿಯ ಕೆಳಗೆ ತೂರಿ, ಪಂಕ್ಚರ್ ಅಂಗಡಿಯ ತಗಡಿಗೆ ಗೇಣು ದೂರದಲ್ಲಿ ಸರಿದುಹೋಯಿತು. ಹೆದ್ದಾರಿಯ ಎರಡೂ ಕಡೆ ಬಸ್ಸು, ಲಾರಿ, ಕಬ್ಬಿನ ಟ್ರ್ಯಾಕ್ಟರು ಎಲ್ಲ ನಿಂತಿದ್ದವು. ಯಾರೂ ಹಾರ್ನ್ ಹಾಕಲಿಲ್ಲ. ಬಸ್ಸಿನಿಂದ ಇಳಿದ ಜನ ಕತ್ತು ಚಾಚಿ ನೋಡುತ್ತಿದ್ದರು. ಡ್ರೈವರ್ ಒಡೆದ ತೆಂಗಿನಕಾಯಿಯ ನೀರು ಇನ್ನೂ ರಸ್ತೆಯ ಮೇಲೆ ಹಸಿಯಾಗಿತ್ತು. ಸೈಮಾ ತುಟಿಯೊಳಗೇ "ಬಿಸ್ಮಿಲ್ಲಾ" ಅಂದಳು. ರತ್ನಮಾಲಾ ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತಳು.

ಆಗ ಅವಳಿಗೆ ಅಂಗಡಿ ನೆನಪಾಯಿತು. ಹತ್ತು ದಾಟಿಹೋಗಿತ್ತು. ಟಂಟಂಗಳೆಲ್ಲ ಅಲ್ಲೇ ಸಿಕ್ಕಿಕೊಂಡಿದ್ದವು. ಇವತ್ತು ಕೆಲಸ ಹೋಯಿತೆಂದು ಗಾಬರಿಯಿಂದ ಜನರ ನಡುವೆ ನುಗ್ಗಿದವಳಿಗೆ, ಸ್ಕೂಟರಿಗೆ ಆನಿಕೊಂಡು, ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತ ಮಹಾರುದ್ರಪ್ಪನವರು ಕಂಡರು. ಅಂಗಡಿಯ ಕೀಲಿಗೊಂಚಲು ಇನ್ನೂ ಸೊಂಟದಲ್ಲೇ ಇತ್ತು.

"ಸಾವ್ಕಾರ್ರಿ, ತಡ ಆಯ್ತು, ನಾ ಈಗ..."

ಅವರು ಅವಳತ್ತ ತಿರುಗಲಿಲ್ಲ. ದೂರ ಸರಿಯುತ್ತಿದ್ದ ಆ ಬಿಳಿ ಮೊನೆಯನ್ನೇ ನೋಡುತ್ತಿದ್ದರು. "ಡಜನ್ ಅಂದಿದ್ದಿ. ಇನ್ನೂ ಒಂದು ಸೀರಿ ಜಾಸ್ತಿನೇ ಬೇಕಾಗ್ತದ ಯವ್ವಾ" ಅಂದರು. ಆಮೇಲೆ, "ಹಿಂದ ಹತ್ತಿ ಕೂಡು. ಅಂಗಡಿ ತೆಗಿಯೋಣ" ಎಂದು ಸ್ಕೂಟರಿಗೆ ಕಿಕ್ ಹೊಡೆದರು.

ರೆಕ್ಕೆ ಏರಿಸುವುದು ಬಸವಕಲ್ಯಾಣದಾಚೆ, ನಾರಾಯಣಪುರದ ಹಳೆಯ ಶಿವನ ಗುಡಿಯನ್ನು ದಾಟಿ ಹೋದರೆ ಸಿಗುವ ದಿನ್ನೆಯ ಮೇಲೆ. ಅಂಗಡಿಯ ವಾರದ ರಜೆಯ ದಿನವೇ ಅದು ಕೂಡಿಬಂದದ್ದರಿಂದ ರತ್ನಮಾಲಾ ನರಸಿಂಗನನ್ನು ಹೊರಡಿಸಿದಳು. ಒಲ್ಲೆನೆನ್ನುತ್ತಲೇ ಅವನು ಹೊರಟ. ರೊಟ್ಟಿ, ಪುಂಡಿಪಲ್ಲೆ ಕಟ್ಟಿಕೊಂಡಿದ್ದರು. ದಿನ್ನೆಯ ಮೇಲೆ ಬಿಳಿಯ ಕಂಬ ಆಗಲೇ ಮುಗಿಲಿಗೆ ಚುಚ್ಚಿ ನಿಂತಿತ್ತು. ಅದರ ಪಕ್ಕದಲ್ಲಿ ಅದಕ್ಕಿಂತ ಎತ್ತರದ ಕ್ರೇನು. ಎರಡು ರೆಕ್ಕೆ ಹಿಂದಿನ ದಿನವೇ ಏರಿದ್ದವು. ಮೂರನೆಯದು ನೆಲದ ಮೇಲೆ ಕಾಯುತ್ತಿತ್ತು.

"ಗಾಳಿ ನಿಲ್ಲಬೇಕು" ಅಂದ ಧನರಾಜ. "ಗಾಳಿ ಸಲುವಾಗಿ ಮಾಡಿದ್ದೇ ಇದು, ಖರೆ. ಆದ್ರ ಏರಸೋವಾಗ ಗಾಳಿ ಇರಬಾರದು."

ಕಾದರು. ಬಿಸಿಲು ನೆತ್ತಿಗೆ ಬಂತು, ಇಳಿಯಿತು. ಬುತ್ತಿ ಮುಗಿಯಿತು. ನರಸಿಂಗ ಟವೆಲು ಹಾಸಿ ಮಲಗಿದ. ಹೊತ್ತು ಮುಳುಗಲು ಸ್ವಲ್ಪ ಮುಂಚೆ, ದಿನ್ನೆಯ ಒಣಹುಲ್ಲು ಒಮ್ಮೆಲೇ ಅಲುಗಾಡುವುದನ್ನು ಬಿಟ್ಟಿತು. ಯಾರೋ ಸೀಟಿ ಊದಿದರು.

ಅಷ್ಟು ದೊಡ್ಡದು ಅಷ್ಟು ಸದ್ದಿಲ್ಲದೆ ನೆಲ ಬಿಡುತ್ತದೆಂದು ರತ್ನಮಾಲಾ ತಿಳಿದಿರಲಿಲ್ಲ. ಹಗ್ಗ ಹಿಡಿದ ಗಂಡಸರು ಎರಡೂ ಕಡೆ ಓಡಾಡಿ ಅದರ ಮೊನೆ ತಿರುಗದಂತೆ ನೋಡಿಕೊಳ್ಳುತ್ತಿದ್ದರು. ಅದು ಏರಿತು, ಏರುತ್ತ ಹೋಯಿತು. ಸಂಜೆಯ ಬಿಸಿಲು ತಾಗಿ ಬಿಳಿ ಬಣ್ಣ ಕೇಸರಿಯಾಯಿತು. ಮೇಲೆ, ಕಂಬದ ತಲೆಯಲ್ಲಿ, ಜೋಳದ ಕಾಳಿನಷ್ಟು ಸಣ್ಣಗೆ ಕಾಣುತ್ತಿದ್ದ ಮನುಷ್ಯರು ಕೈ ಚಾಚಿ ಅದನ್ನು ಬರಮಾಡಿಕೊಂಡರು. ಆ ದುಂಡು ಬಾಯಿ ತನ್ನ ಜಾಗಕ್ಕೆ ಸೇರಿದಾಗ ಒಂದು ಮೆಲ್ಲನೆಯ ಸದ್ದು ಬಹಳ ತಡವಾಗಿ ಕೆಳಗೆ ಇಳಿದು ಬಂತು.

ಧನರಾಜನ ಕೈಯಲ್ಲಿದ್ದ ವೈರ್‌ಲೆಸ್ಸಿನಲ್ಲಿ ಮೇಲಿನವನ ದನಿ ಗರಗರ ಅಂದಿತು. ಹಿಂದಿಯಲ್ಲಿ ಏನೋ ಹೇಳಿದ. ಧನರಾಜ ಅವಳತ್ತ ತಿರುಗಿ, "ನಟ್ ಎಲ್ಲಾ ಕೈಲೇ ತಿರುಗಾಕತ್ತಾವಂತ" ಎಂದ.

ನರಸಿಂಗ ಟವೆಲು ಹೆಗಲಿಗೆ ಹಾಕುವುದನ್ನೂ ಮರೆತು ನಿಂತಿದ್ದ. ಮೇಲೆತ್ತಿದ ಮುಖ ಇಳಿಸದೆಯೇ ಕೇಳಿದ, "ಅಲ್ಲಿ ಇರೋವು ನೀ ಒರಸಿದ್ದೇನು?"

"ನಾನು, ಸೈಮಾ, ಇನ್ನೂ ನಾಕು ಮಂದಿ."

ಅವನು ಬಸ್ಸಿನಲ್ಲಿ ಬರುವಾಗ ಅವಳ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡು, ಉಗುರು ಕತ್ತರಿಸಿದ ಬೆರಳುಗಳನ್ನು ಒಂದೊಂದಾಗಿ ನೋಡಿದ. ಮುಂದೆ ಗೋದಾಮಿನ ಕೆಲಸ ಇದ್ದಷ್ಟು ದಿನವೂ ನಸುಕಿನ ರೊಟ್ಟಿ ಬಡಿದವನು ಅವನೇ. ರೊಟ್ಟಿ ದುಂಡಗೆ ಬರುತ್ತಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಗೋದಾಮು ಖಾಲಿಯಾಯಿತು. ಕೊನೆಯ ಪೆಟ್ಟಿಗೆ ಹೋದ ದಿನ ಧನರಾಜ ಹೆಂಗಸರಿಗೆಲ್ಲ ಚಹಾ, ಭಜಿ ತರಿಸಿ, "ಮುಂದಿನ ಕೆಲಸ ಗದಗಿನ ಕಡೆ. ನೀವು ಬರಂಗಿಲ್ಲ, ನನಗ ಗೊತ್ತದ" ಎಂದು ಬೇಸರದಿಂದ ನಕ್ಕ. ರತ್ನಮಾಲಾಗೆ ಮತ್ತೆ ಒಂದೇ ಕೆಲಸ ಉಳಿಯಿತು. ಖೋಲಿಯ ಗೋಡೆ ಲಿಂಟಲ್‌ವರೆಗೆ ಎದ್ದಿತ್ತು, ಮೇಲಿನದು ಇನ್ನು ನಿಧಾನಕ್ಕೆ.

ಆಷಾಢದಲ್ಲಿ ಸೈಮಾಳ ನೆಂಟರ ಮನೆಗೆಂದು ರತ್ನಮಾಲಾ, ಸೈಮಾ ಇಬ್ಬರೂ ಬಸವಕಲ್ಯಾಣಕ್ಕೆ ಹೋದವರು, ಮಧ್ಯಾಹ್ನ ಬಿಡುವು ಮಾಡಿಕೊಂಡು ಆ ದಿನ್ನೆಯ ದಾರಿ ಹಿಡಿದರು. ಗಾಳಿ ಸೆರಗು ನಿಲ್ಲಗೊಡುತ್ತಿರಲಿಲ್ಲ. ತಿರುವಿನಲ್ಲಿ ಅದು ಕಂಡಿತು. ಮೂರೂ ರೆಕ್ಕೆ ಅವಸರವಿಲ್ಲದೆ ಸುತ್ತುತ್ತಿದ್ದವು. ಒಂದೊಂದು ರೆಕ್ಕೆ ಕೆಳಗೆ ಬಂದಾಗಲೂ ಗಾಳಿ ಸೀಳುವ ಸದ್ದು ಎದೆಗೆ ತಾಗುತ್ತಿತ್ತು. ಮೋಡ ಸರಿದು ಬಿಸಿಲು ಬಿತ್ತು. ರೆಕ್ಕೆಯ ನೆರಳು ದಿನ್ನೆಯ ಹಸಿರಿನ ಮೇಲೆ ಓಡಿಬಂದು, ಮೇಯುತ್ತಿದ್ದ ದನಗಳ ಬೆನ್ನು ಹಾಯ್ದು, ಇವರಿಬ್ಬರ ಮೈಮೇಲಿಂದ ದಾಟಿತು. ದನಗಳು ತಲೆ ಎತ್ತಲಿಲ್ಲ.

"ನಡಿ ಅಕ್ಕಾ, ಬಸ್ಸು ತಪ್ಪತದ" ಅಂದಳು ಸೈಮಾ.

"ಇನ್ನೊಂದು ಸುತ್ತು" ಅಂದಳು ರತ್ನಮಾಲಾ, ಮುಖ ಮೇಲೆತ್ತಿಕೊಂಡೇ.