ಓನರ್ ಆಂಟಿ ಮತ್ತು ಮೂರು ಗೋಡೆಯ ಮನೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ನೀವೇ ಕಂಡುಹಿಡಿದು ನಗುವುದಕ್ಕಿಂತ ಅದು ವಾಸಿ. ಯುರೋಪಿನ ರಂಗಭೂಮಿಯ ಇತಿಹಾಸವನ್ನೆಲ್ಲ ನಾನು ನಮ್ಮ ಓನರ್ ಆಂಟಿಯ ದನಿಯಲ್ಲಿ ಆಡಿ ತೋರಿಸಿದೆ. ಅದೂ ಅವರದೇ ತಾರಸಿಯ ಮೇಲೆ, ಅವರದೇ ನೀರಿನ ಟ್ಯಾಂಕಿಗೆ ಒರಗಿಕೊಂಡು. ಮದುವೆಯಾಗದ ಹುಡುಗರನ್ನು ಕಂಡರೆ ಗೇಟು ಹಾಕಿಕೊಳ್ಳುವ ಚಂದ್ರಾ ಲೇಔಟಿನಲ್ಲಿ, ಅಲೆದೂ ಅಲೆದೂ ಸಿಕ್ಕಿದ್ದ ಕೋಣೆಯನ್ನು ಕಳೆದುಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇರಲಾರದು.

ನಾನು ಜ್ಞಾನಭಾರತಿಯಲ್ಲಿ ನಾಟಕ ಓದುತ್ತೇನೆ. ಕೈಖರ್ಚಿಗೆ ಆರತಕ್ಷತೆಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಯಾರ ಮಾತನ್ನಾದರೂ ಒಂದು ಸಲ ಕೇಳಿದರೆ ಸಾಕು, ಫೋನಿನಲ್ಲಿ ಅವರ ಹೆಂಡತಿಯೇ ಮೋಸಹೋಗುವಂತೆ ಮಾತಾಡಬಲ್ಲೆ ಎಂದು ಜಂಬ ಕೊಚ್ಚುತ್ತೇನೆ. ಈ ಕಸುಬಿಗೆ ಬಿದ್ದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ: ಅನುಮಾನ. ಯಾರು ಬಾಯಿ ತೆರೆದರೂ ‘ಇದು ನಿನ್ನ ಸ್ವಂತ ದನಿಯೇನಯ್ಯಾ?’ ಅನ್ನಿಸುತ್ತದೆ. ಬ್ಯಾಂಕಿನವರ ವಿನಯ, ಡಾಕ್ಟರ ಗಾಂಭೀರ್ಯ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಗೆಳೆಯನ ‘ಇಲ್ಲೇ ಬಂದೆ ಗುರು’, ಯಾವುದನ್ನೂ ನಂಬಲಾಗುವುದಿಲ್ಲ. ಹಲ್ಲುಜ್ಜುವಾಗ ಕನ್ನಡಿಯಲ್ಲಿ ಕಾಣುವವನ ಮೇಲೂ ನನಗೆ ಪೂರ್ತಿ ಭರವಸೆಯಿಲ್ಲ.

ಓನರ್ ಆಂಟಿಯ ಮನೆಯ ಮೇಲೂ ಅನುಮಾನವಿತ್ತು. ಅವರ ಅಡುಗೆಮನೆಗೂ ನನ್ನ ಕೋಣೆಗೂ ನಡುವೆ ಒಂದೇ ಗೋಡೆ. ಆಂಟಿ ನನ್ನೊಡನೆ ಆಡುವುದು ಅಳೆದು ತೂಗಿದ ಬೆಂಗಳೂರು ಕನ್ನಡ. ಆದರೆ ಮಧ್ಯಾಹ್ನಗಳಲ್ಲಿ ಆ ಗೋಡೆಯಾಚೆ ಇನ್ನೊಬ್ಬ ಹೆಂಗಸು ಹಾವೇರಿ ಕಡೆಯ ಮಾತಿನಲ್ಲಿ ಯಾರನ್ನೋ ಗದರುತ್ತಿದ್ದರು, ಪಾತ್ರೆ ಅದುರುವಂತೆ ನಗುತ್ತಿದ್ದರು. ಅವರು ಹೊರಗೆ ಬಂದದ್ದನ್ನು ನಾನು ಕಂಡೇ ಇಲ್ಲ. ಯಾರೋ ನಾದಿನಿಯನ್ನು ಒಳಗೆ ಕೂಡಿಟ್ಟಿದ್ದಾರೆ ಎಂದು ತೀರ್ಮಾನಿಸಿ, ಸಹಪಾಠಿ ಮಂಜನಿಗೂ ಗುಟ್ಟಾಗಿ ತಿಳಿಸಿದ್ದೆ.

ಇಂಥವನ ಕೈಗೆ ಸೆಮಿನಾರಿನ ವಿಷಯವಾಗಿ ಒಂದು ವಾಕ್ಯ ಸಿಕ್ಕಿತು: ‘ಸಮಾಜ ಬದಲಾಯಿತು, ಚಿಂತನೆ ಬದಲಾಯಿತು, ಆದ್ದರಿಂದ ಯುರೋಪಿನ ರಂಗಭೂಮಿ ಬದಲಾಯಿತು.’ ಆ ‘ಆದ್ದರಿಂದ’ದ ಮುಖವೇ ನನಗೆ ಹಿಡಿಸಲಿಲ್ಲ. ತೀರಾ ಸಭ್ಯನಂತೆ ಕಾಣುತ್ತಿತ್ತು. ಒಂದು ಬೆಳಿಗ್ಗೆ ಫ್ರಾನ್ಸಿನ ಜನ ಎದ್ದು, ‘ಇವತ್ತಿನಿಂದ ನಾವು ವಿಚಾರವಂತರು, ಆ ಮುಖವಾಡ ಅಟ್ಟಕ್ಕೆ ಹಾಕಿ’ ಅಂದರೇ?

ಮಂಜ ಉಪಾಯ ಕೊಟ್ಟ. “ಮಗಾ, ಥಿಯರಿ ಓದಿದ್ರೆ ಎಲ್ರೂ ನಿದ್ದೆ ಹೊಡೀತಾರೆ. ಒಂದೇ ಸೀನ್ ತಗೊಂಡು ಒಂದೊಂದು ಕಾಲದ ಸ್ಟೈಲಲ್ಲಿ ಮಾಡು. ನಿಮ್ಮ ಆಂಟಿ ಮೋಟಾರ್ ವಿಷ್ಯಕ್ಕೆ ಬೈತಾರಲ್ಲ, ಅದೇ ಸೀನು!”

ಸೀನು ಸಣ್ಣದು. ನಾನು ಮೋಟಾರ್ ಹಾಕಿ ಮರೆಯುತ್ತೇನೆ, ಟ್ಯಾಂಕು ತುಂಬಿ ಹರಿಯುತ್ತದೆ, ಆಂಟಿ ಮೆಟ್ಟಿಲ ಬಳಿ ನಿಂತು, “ನೋಡಿ, ರೋಡೆಲ್ಲಾ ನೀರಾಗಿದೆ. ನಿಮ್ಗೆ ಹೇಳಿ ಹೇಳಿ ಸಾಕಾಯ್ತು ಕಣ್ರೀ” ಅನ್ನುತ್ತಾರೆ. ಅಷ್ಟೇ.

ಭಾನುವಾರ ಬೆಳಿಗ್ಗೆ ತಾರಸಿಯಲ್ಲಿ ತಾಲೀಮು, ನೋಡುವವನು ಮಂಜ ಒಬ್ಬನೇ. ಗ್ರೀಕರಿಂದ ಶುರು. ಅವರ ಬಯಲು ರಂಗದಲ್ಲಿ ಗುಡ್ಡದ ತುಂಬ ಕೂತ ಜನರಿಗೆ ಕಾಣಬೇಕು, ಕೇಳಬೇಕು. ಬಕೆಟ್ಟನ್ನೇ ಮುಖವಾಡ ಮಾಡಿಕೊಂಡು ಗರ್ಜಿಸಿದೆ. ಟ್ಯಾಂಕು ತುಂಬುವುದು ವಿಧಿ, ದೇವತೆಗಳಿಗೂ ತಪ್ಪಿಸಲಾಗದು. ಆಮೇಲೆ ಚರ್ಚಿನ ಕಾಲ: ಹರಿದ ನೀರು ನನ್ನ ಪಾಪ, ಆಂಟಿ ಸ್ವರ್ಗದ ಬಾಗಿಲಲ್ಲಿ ನಿಂತ ದೇವದೂತೆ. ಮೋಟಾರ್ ಮರೆಸುವ ಸೈತಾನನ ಪಾತ್ರಕ್ಕೆ ಹೆಚ್ಚು ನಗು ಬಂತು. ಆಗಲೂ ಹಾಗೇ ಬರುತ್ತಿತ್ತೆಂದು ನನ್ನ ಗುಮಾನಿ.

ಅರಮನೆಯ ಕಾಲಕ್ಕೆ ಬಂದಾಗ ಒಂದು ಮಜಾ ವಿಷಯ ನೆನಪಾಯಿತು. ಆಗಿನ ಪರದೆಗಳಲ್ಲಿ ದೂರದವರೆಗೆ ಬೀದಿ ಬರೆಯುತ್ತಿದ್ದರಂತೆ. ಆ ಬೀದಿ ನೆಟ್ಟಗೆ ಕಾಣುವುದು ರಾಜ ಕೂತ ಕುರ್ಚಿಯಿಂದ ಮಾತ್ರ. ಪಕ್ಕಕ್ಕೆ ಕೂತವರಿಗೆಲ್ಲ ಮನೆಗಳು ವಾಲುತ್ತಿದ್ದವು, ಆದರೂ ಅವರು ಚಪ್ಪಾಳೆ ತಟ್ಟುತ್ತಿದ್ದರು. ಒಬ್ಬನ ಕುರ್ಚಿಗೋಸ್ಕರ ಇಡೀ ಊರನ್ನೇ ಬರೆಯುವುದು! ಮಂಜನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ರಾಜನಂತೆ ಕೂರಿಸಿ, ಆಂಟಿಯ ದನಿಯಲ್ಲಿ ಪ್ರಾಸಬದ್ಧವಾಗಿ ಬೈದೆ.

ಕಾಲಾಂತರದಲ್ಲಿ ಆ ಕುರ್ಚಿಗೆ ವ್ಯಾಪಾರಸ್ಥರು, ವಕೀಲರು ಬಂದು ಕೂತರು. ಅವರಿಗೆ ರಾಜರ ಗೋಳು ಬೇಡ, ತಮ್ಮದೇ ನಡುಮನೆ ಬೇಕು. ಸರಿ, ಪ್ರೇಕ್ಷಕರ ಕಡೆಯ ಗೋಡೆ ತೆಗೆದ ಮೂರು ಗೋಡೆಯ ಮನೆ ರಂಗದ ಮೇಲೆ ಬಂತು. ದೀಪ ಆರಿಸಿದ ಕತ್ತಲಲ್ಲಿ ಕೂತು ಪಕ್ಕದ ಮನೆಗೆ ಇಣುಕುವ ಸುಖ! ಇದು ನನ್ನ ಸ್ವಂತ ಕ್ಷೇತ್ರ. ಆಂಟಿಯ ಚಪ್ಪಲಿಯ ಸದ್ದು, ವಿಭೂತಿಯ ಕೆಳಗೆ ಗಂಟಾಗುವ ಹುಬ್ಬು, ‘ಕಣ್ರೀ’ಗೆ ಮುಂಚಿನ ಸಣ್ಣ ಕೆಮ್ಮು, ಒಂದನ್ನೂ ಬಿಡಲಿಲ್ಲ. “ಗುರು, ಸಾಕ್ಷಾತ್ ಆಂಟೀನೇ!” ಎಂದು ಮಂಜ ಹೊಟ್ಟೆ ಹಿಡಿದುಕೊಂಡು ನಕ್ಕ.

ಉಳಿದದ್ದು ಇಪ್ಪತ್ತನೇ ಶತಮಾನ. ಯುದ್ಧಗಳಾದ ಮೇಲೆ ಅಲ್ಲಿ ಯಾರಿಗೂ ಯಾರ ಮಾತಿನ ಮೇಲೂ ನಂಬಿಕೆ ಉಳಿಯಲಿಲ್ಲ. ನನ್ನಂಥವರೇ ಹೆಚ್ಚಾದರು ಅನ್ನಿ. ನಟ ಪ್ರೇಕ್ಷಕರ ಕಡೆ ತಿರುಗಿ ‘ಇದು ನಾಟಕ, ಮೈಮರೆಯಬೇಡಿ’ ಎಂದು ಎಚ್ಚರಿಸತೊಡಗಿದ. ಆ ಶೈಲಿಗಾಗಿ ನಾನೂ ಗಕ್ಕನೆ ತಿರುಗಿದೆ.

ಒಣಹಾಕಿದ ಸೀರೆಗಳ ಸಾಲಿನ ಹಿಂದೆ ಆಂಟಿ ನಿಂತಿದ್ದರು. ಕೈಯಲ್ಲಿ ಹಿಂಡಿದ ಬಟ್ಟೆಯ ಬುಟ್ಟಿ. ಯಾವ ಶತಮಾನದಿಂದ ನಿಂತಿದ್ದರೋ ಗೊತ್ತಿಲ್ಲ. ಮಂಜ ಬಾರದ ಫೋನನ್ನು ಕಿವಿಗಿಟ್ಟುಕೊಂಡು “ಹೇಳಮ್ಮಾ, ಬರ್ತಾ ಇದೀನಿ” ಎಂದು ಮೆಟ್ಟಿಲಿಳಿದ. ಅವನ ಜೀವನದ ಅತ್ಯುತ್ತಮ ಅಭಿನಯ. ನನ್ನ ತಲೆಯಲ್ಲಿ ಮಾತ್ರ ಟೆಂಪೋ, ಅದರಲ್ಲಿ ನನ್ನ ಹಾಸಿಗೆ, ಪುಸ್ತಕ, ಗ್ಯಾಸ್ ಸ್ಟವ್, ಮತ್ತೆ ಬೀದಿ ಬೀದಿಯಲ್ಲಿ ‘ಮನೆ ಬಾಡಿಗೆಗೆ’ ಬೋರ್ಡು ಹುಡುಕುವ ನಾನು.

“ಆಂಟಿ, ಅದು… ಸೆಮಿನಾರಿಗೆ…” ಅಂದೆ. ಬೆನ್ನ ಹಿಂದೆ ಟ್ಯಾಂಕು ತುಂಬಿ ಧೋ ಎಂದು ಹರಿಯತೊಡಗಿತು.

ಆಂಟಿ ಬುಟ್ಟಿ ಕೆಳಗಿಟ್ಟರು. ಬಾಯಿ ತೆರೆದರು. ಬಂದದ್ದು ಗೋಡೆಯಾಚೆಯ ಆ ನಾದಿನಿಯ ದನಿ:

“ತಮ್ಮಾ, ನೀ ಮಾಡಿದ್ದು ನನ್ನ ಅಲ್ಲೋ. ಬಾಡಿಗಿ ಹುಡುಗೂರ ಮುಂದ ನಾ ಆಡೋ ನಾಟಕಾನ ನೀ ಕಾಪಿ ಹೊಡದಿ. ಮುಂದ ಕುಂತಾಂವ ಯಾವೂರಾಂವ ಅಂತ ನೋಡೇ ನಾ ಬಾಯಿ ತೆಗೀತೀನಿ. ಖೋಲ್ಯಾಗ ಇರು, ಇನ್ನೂ ಕಲಿಯೋದೈತಿ ನಿನಗ. ಮೊದ್ಲ ಹೋಗಿ ಮೋಟಾರ್ ಬಂದ್ ಮಾಡು.”