ಕೇಳದೆ ಕಲಿಸದ ಮಾಸ್ತರರು

ಧಾರವಾಡದ ಕಾಲೇಜಿನಲ್ಲಿ ನಮ್ಮ ಕನ್ನಡ ಮಾಸ್ತರರು ಬೇರೆಯವರ ಕವಿತೆಯನ್ನು ಪಾಠದ ಹಾಳೆಯಲ್ಲಿ ಅಚ್ಚು ಹಾಕಿಸುವ ಮುಂಚೆ ಬರೆದವರ ಒಪ್ಪಿಗೆ ಕೇಳುತ್ತಿದ್ದರು. ಉಳಿದ ಪ್ರಾಧ್ಯಾಪಕರು ನಕ್ಕರೆ ಕೋಟಿನ ಗುಂಡಿ ತಿರುವುತ್ತ, "ಅವರದು ಅಂದ ಮ್ಯಾಲೆ ಅವರನ್ನ ಕೇಳಬೇಕಲ್ರಿ" ಎನ್ನುತ್ತಿದ್ದರು. ಮಧ್ಯಾಹ್ನದ ಬುತ್ತಿಯನ್ನು ಒಬ್ಬರೇ ಉಣ್ಣುತ್ತಿದ್ದರು.

ಒಮ್ಮೆ, ತೀರಿಹೋದ ಕವಿಯೊಬ್ಬರ ಕವಿತೆಗಾಗಿ ಹೆಬ್ಬಳ್ಳಿಗೆ, ಆ ಕವಿಯ ಹೆಂಡತಿಯ ಬಳಿ ಹೋದರು. ನಾನೂ ಜೊತೆಗಿದ್ದೆ.

"ಅದು ನನ್ನ ಸಲುವಾಗಿ ಬರದದ್ದರಿ. ಅವರು ಹೋದ ಮ್ಯಾಲೆ ಯಾರೋ ನನ್ನ ಕೇಳದನ ಪತ್ರಿಕಿಗೆ ಹಾಕಿದ್ರು. ಪಾಠಕ್ಕ ಬ್ಯಾಡ್ರಿ," ಎಂದರು ಆಕೆ.

"ಆತ್ರಿ ಅವ್ವಾರ, ಹಾಕೂದಿಲ್ಲ," ಎಂದು ಮಾಸ್ತರರು ಎದ್ದರು.

ಆ ಕವಿತೆ ಅವರಿಗೆ ಬಾಯಿಪಾಠವಿತ್ತು. ತರಗತಿಯಲ್ಲಿ ಒಂದು ಸಾಲನ್ನೂ ಹೇಳಲಿಲ್ಲ. ಸಂಜೆ ಒಬ್ಬರೇ ನಡೆಯುವಾಗ ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ನಾನು ಹತ್ತಿರ ಬಂದರೆ ಸುಮ್ಮನಾಗುತ್ತಿದ್ದರು.