ಬೆರಳೋ, ಕೇಬಲ್ಲೋ

ಬೆಳಗಿನ ಐದೂವರೆ. ಕೋಣೆಯಲ್ಲಿ ದೀಪ ಹಾಕಿಲ್ಲ. ಕೆಲಸ ಮಾತ್ರ ಶುರುವಾಗಿದೆ.

ಕಿಟಕಿ ಪಕ್ಕದ ಉದ್ದ ಮೇಜಿನ ಮೇಲೆ ದಪ್ಪ ಹಾಳೆಗಳ ಕಟ್ಟು. ಅದರ ಮುಂದೆ ಕುಳಿತ ಹೆಂಗಸಿನ ಎಡಗೈ ಹಾಳೆಯ ಅಂಚು ಹಿಡಿದಿದೆ, ಬಲಗೈಯ ತೋರುಬೆರಳು ಉಬ್ಬುಚುಕ್ಕಿಗಳ ಮೇಲೆ ಹರಿಯುತ್ತಿದೆ. ಬೆರಳು ಸಾಲಿನ ನಡುವೆ ನಿಲ್ಲುತ್ತದೆ, ಹಿಂದಕ್ಕೆ ಬರುತ್ತದೆ, ಮತ್ತೆ ಅಲ್ಲೇ ನಿಲ್ಲುತ್ತದೆ.

“ಜಲಲ,” ಎನ್ನುತ್ತಾರೆ. “ಇದ್ಯಾವುದಪ್ಪಾ ಜಲಲ?”

ಇವರು ಬ್ರೈಲ್ ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಅಂಧ ಮಕ್ಕಳ ಶಾಲೆಯ ಹುಡುಗ ಹುಡುಗಿಯರಿಗೆ ಇವರು ಚುಕ್ಕಿಯಕ್ಕ. ಇಪ್ಪತ್ತಾರು ವರ್ಷಗಳಿಂದ ಆ ಶಾಲೆಯ ಪಠ್ಯಪುಸ್ತಕಗಳ ಒಂದೊಂದು ಪುಟವೂ ಈ ಬೆರಳಿನ ಕೆಳಗೆ ಹಾದೇ ಮಕ್ಕಳ ಕೈ ಸೇರಿದೆ. ದಿನಕ್ಕೆ ಸುಮಾರು ನೂರು ಪುಟ. ಯಾವ ಪುಸ್ತಕದಲ್ಲೂ ಇವರ ಹೆಸರಿಲ್ಲ. “ತಪ್ಪಿಲ್ಲದ ಪುಟದಲ್ಲಿ ನಾನೆಲ್ಲಿ ಕಾಣಿಸ್ತೀನಿ? ಒಂದು ತಪ್ಪು ಉಳೀಲಿ, ಆಗ ನೋಡಿ, ಊರಿಗೆಲ್ಲ ನನ್ನ ನೆನಪು!”

ಮುದ್ರಣಾಲಯ ಎಂದರೆ ಇಬ್ಬರೇ. ಇನ್ನೊಬ್ಬರು ಇವರ ಭಾವ, ಅಕ್ಕನ ಗಂಡ. ಅಚ್ಚಿನ ಪುಸ್ತಕ ನೋಡಿ ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡುವುದು, ಮುದ್ರಣಯಂತ್ರಕ್ಕೆ ಹಾಳೆ ಉಣಿಸುವುದು ಅವರ ಪಾಲು. ಚುಕ್ಕಿ ಓದಲು ಅವರಿಗೆ ಬಾರದು. ತಿದ್ದಿದ ಪುಟ ಕೈಗೆ ಬಂದಾಗ ಗೊಣಗುವುದು ಚೆನ್ನಾಗಿ ಬರುತ್ತದೆ.

ಹಳೆಯ ಕಂಪ್ಯೂಟರ್ ಹೋದ ವಾರ ಕೈಕೊಟ್ಟಿತು. ದಾನವಾಗಿ ಬಂದ ಹೊಸದರಲ್ಲಿ ಮುದ್ರಣಯಂತ್ರದ ಅಗಲ ಕೇಬಲ್ ಕೂರುವ ಜಾಗವೇ ಇಲ್ಲ. ಇಪ್ಪತ್ತೈದು ಪಿನ್ನಿನ ಪ್ಯಾರಲಲ್ ಕೇಬಲ್ ಅದು. ಈಗ ಅಂಥ ಕಿಂಡಿಯ ಕಂಪ್ಯೂಟರ್ ಯಾರೂ ಮಾಡುವುದಿಲ್ಲ. ನಿನ್ನೆ ಸಂಜೆ ಅಂಗಡಿಯ ಮೆಕ್ಯಾನಿಕ್ ಒಂದು ಕನ್ವರ್ಟರ್ ತಂದು ನಡುವೆ ಜೋಡಿಸಿದ, ಒಂದು ಪಾಠ ಮುದ್ರಿಸಿ ನೋಡಿದ. ಯಂತ್ರ ಟಕಟಕ ಎಂದಿತು, ಹಾಳೆ ತುಂಬ ಅಲ್ಲದಿದ್ದರೂ ಚುಕ್ಕಿಗಳು ಎದ್ದವು. “ಆಯ್ತಲ್ಲ!” ಎಂದು ಹೊರಟುಹೋದ. ಚುಕ್ಕಿಯಕ್ಕ ಆಗ ಶಾಲೆಯಲ್ಲಿದ್ದರು.

ಸೋಮವಾರ ಹತ್ತನೇ ತರಗತಿಗೆ ವಿಜ್ಞಾನ ಪರೀಕ್ಷೆ. ಕೊನೆಯ ಮೂರು ಪಾಠ ಇನ್ನೂ ಮಕ್ಕಳಿಗೆ ತಲುಪಿಲ್ಲ. ಇವತ್ತು ಶುಕ್ರವಾರ.

ಆರು ಗಂಟೆಗೆ ಭಾವ ಬಂದು ದೀಪ ಹಾಕುತ್ತಾರೆ.

“ಭಾವ, ಜಲಲ ಅಂತ ಒಂದು ಗಿಡ ಇದೆಯಾ?”

“ಎಲ್ಲಿ?”

“ಜಲಸಸ್ಯಗಳ ಪಾಠದಲ್ಲಿ. ನಾನು ಹೊಸಾ ಹೆಸರೇನೋ ಅಂದ್ಕೊಂಡೆ. ಆಮೇಲೆ ಯಾವ ಸಾಲೂ ತಲೆಗೆ ಹೋಗ್ತಿಲ್ಲ.”

ಭಾವ ಪರದೆ ನೋಡುತ್ತಾರೆ. “ಕಮಲ ಕಣಮ್ಮ. ಇಲ್ಲಿ ಸರಿಯಾಗೇ ಇದೆ. ಹಾಳೆ ಮೇಲೂ ಚುಕ್ಕಿ ಮುತ್ತಿನ ಹಾಗೆ ಎದ್ದಿದೆ.”

“ಮತ್ತೆ ಒಂದೊಂದು ಹಾಳೇಲಿ ಒಂದೊಂದೇ ಸಾಲು ಯಾಕೆ?”

“ಅದು ಸೆಟ್ಟಿಂಗ್. ಆ ಮೆಕ್ಯಾನಿಕ್ ಹುಡುಗ ಬಂದು ನೋಡ್ತಾನೆ ಬಿಡು.”

ಚುಕ್ಕಿಯಕ್ಕ ತೋರುಬೆರಳನ್ನು ಹೆಬ್ಬೆರಳಿಗೆ ಉಜ್ಜಿಕೊಳ್ಳುತ್ತಾರೆ. ಮೂರು ವರ್ಷದಿಂದ ಸಕ್ಕರೆ ಕಾಯಿಲೆಯಿದೆ. ಬೆರಳ ತುದಿ ಮರಗಟ್ಟಬಹುದು, ಗಮನವಿರಲಿ ಎಂದು ವೈದ್ಯರು ಹೇಳಿದ್ದಾರೆ. ಕಂಪ್ಯೂಟರ್ ಸರಿ, ಚುಕ್ಕಿ ಸರಿ, ಭಾವನ ಕಣ್ಣೂ ಸರಿ ಎಂದಾದರೆ ಉಳಿಯುವುದು ಒಂದೇ. ಈ ಕೆಲಸಕ್ಕೆ ಬೇರೆ ಬೆರಳು ಹುಡುಕಬೇಕಾಗುತ್ತದೆ.

“ಭಾವ, ಗೋಡೆ ಕಪಾಟಿಂದ ಹಳೇ ಗಣಿತದ ಪುಸ್ತಕ ತೆಗೀರಿ. ಹಿಂದುಗಡೆ ಉತ್ತರಗಳ ಪುಟ ಇರುತ್ತಲ್ಲ, ಅದರಲ್ಲಿ ಒಂದು ಕೊಡಿ. ಬೇರೆದಾದ್ರೆ ಬಾಯಿಪಾಠ ಬಂದ್ಬಿಡುತ್ತೆ. ಅಚ್ಚಿನದು ನೀವು ಹಿಡ್ಕೊಳ್ಳಿ.”

ಭಾವನಿಗೆ ಈಗ ಅರ್ಥವಾಗುತ್ತದೆ. ಗೊಣಗುವುದಿಲ್ಲ. ಚುಕ್ಕಿಯಕ್ಕ ಅಂಕಿಗಳನ್ನು ಒಂದೊಂದಾಗಿ ಓದುತ್ತಾರೆ. ಭಾವ ಅಚ್ಚಿನ ಪುಟದ ಮೇಲೆ ಪೆನ್ಸಿಲ್ ಸರಿಸುತ್ತಾ ಹೋಗುತ್ತಾರೆ. ಪುಟ ಮುಗಿಯುತ್ತದೆ.

“ಎಲ್ಲಾ ಸರಿ ಕಣಮ್ಮ.”

“ಸುಮ್ನೆ ಸಮಾಧಾನಕ್ಕೆ ಹೇಳ್ಬೇಡಿ.”

“ನಿನಗೆ ಸಮಾಧಾನ ಮಾಡಿ ನನಗೇನು ಸಿಗುತ್ತೆ? ಸರಿ ಇದೆ ಅಂದ್ರೆ ಸರಿ ಇದೆ.”

ಚುಕ್ಕಿಯಕ್ಕ ಎದ್ದು ಹೂಜಿಯಿಂದ ನೀರು ಬಗ್ಗಿಸಿ ಕುಡಿಯುತ್ತಾರೆ. ಆಮೇಲೆ ನಿನ್ನೆಯ ಹಾಳೆಗಳನ್ನು ಮತ್ತೆ ಎಳೆದುಕೊಳ್ಳುತ್ತಾರೆ. ಈ ಸಲ ಅರ್ಥಕ್ಕಾಗಿ ಓದುವುದಿಲ್ಲ. ಭಾವ ಪರದೆಯಿಂದ ಒಂದೊಂದೇ ಅಕ್ಷರ ಹೇಳಬೇಕು, ಇವರು ಬೆರಳಿಗೆ ಸಿಕ್ಕಿದ್ದನ್ನು ಹೇಳಬೇಕು. ಭಾವ ‘ಮ’ ಎಂದರೆ ಇವರು ‘ಲ’ ಎನ್ನುತ್ತಾರೆ. ‘ಸ’ ಎಂದರೆ ‘ರ’. ಹೊರಗಿನಿಂದ ಕೇಳಿದವರಿಗೆ ಇಬ್ಬರು ದೊಡ್ಡವರು ಬೆಳಗ್ಗೆ ಬೆಳಗ್ಗೆ ಹಠಕ್ಕೆ ಬಿದ್ದಂತೆ ಕಾಣಬೇಕು.

“ನೋಡಿ, ಮ ಇದ್ದಲ್ಲೆಲ್ಲ ಲ. ಸ ಇದ್ದಲ್ಲೆಲ್ಲ ರ. ಕ ಇದ್ದಲ್ಲೆಲ್ಲ ಜ. ನ, ಲ, ರ ಇವಕ್ಕೇನೂ ಆಗಿಲ್ಲ. ಬೆರಳು ಮರಗಟ್ಟಿದ್ರೆ ಒಂದ್ಸಲ ಹಾಗೆ, ಒಂದ್ಸಲ ಹೀಗೆ ಇರ್ತಿತ್ತು. ಇದಕ್ಕೆ ಹುಚ್ಚು ಹಿಡಿದಿದ್ರೂ ಲೆಕ್ಕವಾಗಿ ಹಿಡಿದಿದೆ.”

ಫೋನಿನಲ್ಲಿ ಮೆಕ್ಯಾನಿಕ್ ಇನ್ನೂ ನಿದ್ದೆಗಣ್ಣಿನಲ್ಲಿದ್ದಾನೆ. ಅಕ್ಷರಗಳ ವಿಷಯ ಕೇಳಿದ ಮೇಲೆ ಎಚ್ಚರವಾಗುತ್ತದೆ.

“ಅಕ್ಕಾ, ಆ ಕೇಬಲ್ಲಲ್ಲಿ ಅಕ್ಷರ ಹೊರೋ ತಂತಿ ಎಂಟು. ಎಂಟೂ ಒಟ್ಟಿಗೆ ಹೊತ್ರೆ ಒಂದು ಅಕ್ಷರ. ಒಂದು ಕೈಬಿಟ್ರೆ ಕೆಲವು ಅಕ್ಷರ ಸರಿ ಬರುತ್ತೆ, ಕೆಲವು ಬೇರೆ ಆಗುತ್ತೆ. ಸಾಲು ಮುಗೀತು ಅನ್ನೋ ಸೂಚನೆನೂ ಕೆಟ್ಟು, ಹಾಳೆ ಮುಗೀತು ಅಂತ ಆಗಿರುತ್ತೆ. ಅದಕ್ಕೇ ಹಾಳೆಗೊಂದು ಸಾಲು. ಪ್ಲಗ್ ಬಿಚ್ಚಿ ಪಿನ್ ನೋಡಿ.”

“ನಿನ್ನೆ ಅದನ್ನ ಒತ್ತಿ ಕೂರಿಸಿದ್ದು ಯಾರಪ್ಪಾ?” ಭಾವ ಕೇಳುತ್ತಾರೆ.

“ತುಂಬಾ ಬಿಗಿ ಇತ್ತು ಸಾರ್.”

ಭಾವ ಕಂಪ್ಯೂಟರ್ ಆರಿಸಿ, ಪ್ಲಗ್ ಬಿಚ್ಚಿ, ದೀಪದ ಕೆಳಗೆ ಹಿಡಿದು, ಕನ್ನಡಕ ಮೇಲಕ್ಕೂ ಕೆಳಕ್ಕೂ ಸರಿಸಿ ನೋಡುತ್ತಾರೆ. ಎಲ್ಲ ಪಿನ್ನೂ ನೆಟ್ಟಗಿವೆ ಎನ್ನುತ್ತಾರೆ. ಚುಕ್ಕಿಯಕ್ಕ ಕೈ ಚಾಚುತ್ತಾರೆ. ಎರಡು ಸಾಲು ಪಿನ್ನುಗಳ ಮೇಲೆ ಬೆರಳು ನಿಧಾನವಾಗಿ ಸಾಗುತ್ತದೆ, ಮೇಲಿನ ಸಾಲಿನ ಆರಂಭದಲ್ಲೇ ನಿಲ್ಲುತ್ತದೆ.

“ಎರಡನೇದು. ಮಲಗಿಬಿಟ್ಟಿದೆ. ಪಕ್ಕದ ತಗಡಿಗೆ ತಾಗಿದೆ.”

“ಮುರಿದೀಯ ಜೋಕೆ.”

“ಹಾಗಾದ್ರೆ ನೀವೇ ಮಾಡಿ.”

“ನೀನೇ ಮಾಡು ತಾಯಿ.”

ಕೈಯಿಂದ ಬ್ರೈಲ್ ಬರೆಯುವಾಗ ಚುಕ್ಕಿ ಚುಚ್ಚುವ ಮೊಳೆಯ ತುದಿಯನ್ನು ಪಿನ್ನಿನ ಅಡಿಗೆ ಕೊಟ್ಟು ಅವರು ಕೂದಲೆಳೆಯಷ್ಟು ಎತ್ತುತ್ತಾರೆ, ಮುಟ್ಟಿ ನೋಡುತ್ತಾರೆ, ಮತ್ತಷ್ಟು ಎತ್ತುತ್ತಾರೆ. ಪಿನ್ ಮುರಿಯುವುದಿಲ್ಲ. ಭಾವ ಪ್ಲಗ್ ಕೂರಿಸುತ್ತಾರೆ, ಒತ್ತದೆ. ಯಂತ್ರ ಟಕಟಕ ಎನ್ನುತ್ತದೆ. ಒಂದು ಸಾಲಾದ ಮೇಲೂ ಹಾಳೆ ಹೊರಬೀಳುವುದಿಲ್ಲ. ಎರಡನೆಯ ಸಾಲು, ಮೂರನೆಯ ಸಾಲು.

ತುಂಬಿದ ಪುಟ ಮೇಜಿಗೆ ಬರುತ್ತದೆ. ಬೆರಳು ಮೇಲಿನಿಂದ ಕೆಳಗಿನವರೆಗೆ ಓಡುತ್ತದೆ. ಭಾವ ಪಕ್ಕದಲ್ಲೇ ನಿಂತಿದ್ದಾರೆ.

“ಕಮಲ ಬಂತಾ?”

“ಬಂತು. ಐದನೇ ಸಾಲಲ್ಲಿ ನೀವು ಒಂದು ಪದ ಬಿಟ್ಟಿದ್ದೀರಿ.”

“ಸಾಧ್ಯವೇ ಇಲ್ಲ,” ಎಂದು ಭಾವ ಅಚ್ಚಿನ ಪುಸ್ತಕ ತೆರೆಯುತ್ತಾರೆ. ಪದ ಬಿಟ್ಟಿದ್ದರು. ಗೊಣಗುತ್ತಲೇ ತಿದ್ದುತ್ತಾರೆ.

ಚುಕ್ಕಿಯಕ್ಕ ತಮಗೆಂದು ಏನನ್ನೂ ಕೇಳುವುದಿಲ್ಲ. ಒತ್ತಾಯಿಸಿದರೆ ಒಂದು ಮಾತು: “ಈ ಬೆರಳು ನನಗಿಂತ ಮೊದಲು ನಿವೃತ್ತಿ ಆಗದಿದ್ರೆ ಸಾಕು.”

ಮೂರೂ ಪಾಠಗಳು ಶನಿವಾರ ಮಧ್ಯಾಹ್ನ ಶಾಲೆ ತಲುಪಿದವು. ಆ ಪ್ಲಗ್ಗನ್ನು ಅನಂತರ ಯಾರೂ ಬಿಚ್ಚಿಲ್ಲ.